ಎರಡು ಮೀಟರಿನ ಹಳದಿ ಕೋಲು

ಪೆಟ್ಟಿಗೆ ತಿರುಗಲಿಲ್ಲ.

ಮುಂದಿನ ಇಬ್ಬರು ಒಂದು ಮೆಟ್ಟಿಲು ಇಳಿದು ಎಡಕ್ಕೆ ವಾಲಿದರು. ಹಿಂದಿನ ಇಬ್ಬರು ಗೋಡೆಗೆ ಬೆನ್ನು ಒತ್ತಿ ಹೊಟ್ಟೆ ಒಳಗೆಳೆದುಕೊಂಡರು. ನಡುವಿನ ಇಬ್ಬರು ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಆದರೂ ತಿರುಗಲಿಲ್ಲ. ಶವಪೆಟ್ಟಿಗೆಯ ಕಾಲಿನ ಕಡೆಯ ತುದಿ, ತಿರುವಿನ ಕಟ್ಟೆಯ ನಡುವೆ ಕೂತಿದ್ದ ದೊಡ್ಡ ಮೀನಿನ ಬಾಯಿಗೆ ತಾಗಿ ನಿಂತಿತು.

ಮೀನು ಸಿಮೆಂಟಿನದು. ಮೈತುಂಬ ನೀಲಿ, ಹಸಿರು, ಕಿತ್ತಳೆ ಬಣ್ಣದ ಟೈಲ್ಸಿನ ಚೂರುಗಳು. ಗುಡ್ಡದ ಸೊಬಗು ಸಮಿತಿ ಎಂದು ಹೆಸರಿಟ್ಟುಕೊಂಡ ಒಂದಷ್ಟು ಜನ, ಪ್ರವಾಸಿಗರು ಕೂತು ಫೋಟೊ ತೆಗೆಸಿಕೊಳ್ಳಲಿ ಎಂದು ಕಳೆದ ವರ್ಷ ಮೆಟ್ಟಿಲಿನ ಎರಡನೆಯ ತಿರುವಿನಲ್ಲಿ ಅದನ್ನು ಕಟ್ಟಿಸಿದ್ದರು. ಹಗಲು ಪ್ರವಾಸಿಗರು ಅದರ ಬೆನ್ನ ಮೇಲೆ ಕೂರುತ್ತಿದ್ದರು, ಕತ್ತಲಾದ ಮೇಲೆ ಕುಡುಕರು ಅದರ ಬಾಲಕ್ಕೆ ಉಚ್ಚೆ ಹೊಯ್ಯುತ್ತಿದ್ದರು. ಬೆಳಗಿನ ಬಿಸಿಲು ಬಿದ್ದರೆ ಉಚ್ಚೆಯದೂ ಬಿಸಿಲಿಗೆ ಬಳಿದುಕೊಳ್ಳುವ ಕ್ರೀಮಿನದೂ ಕೂಡಿದ ಒಂದು ವಾಸನೆ ಏಳುತ್ತಿತ್ತು. ಸತ್ತವನ ಹೆಂಡತಿ ಎಲ್ಸಿರಾ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು. ನೋಡಿದವರು ಅಳು ಎಂದುಕೊಂಡರು.

"ಫೈಲಲ್ಲಿ ತಿರುಗತ್ತೆ ಅಂತಿದೆ," ಎಂದ ಫಾಬ್ರಿಸಿಯೊ. ಶವಸಂಸ್ಕಾರದ ಅಂಗಡಿಯ ಯಜಮಾನ ಅವನು. ಕೈಯಲ್ಲೊಂದು ಹಳೆಯ ಫೋಟೊ ಹಿಡಿದಿದ್ದ. ಅದರಲ್ಲಿ ಇದೇ ತಿರುವು, ಇದೇ ಗೋಡೆ. ಕಟ್ಟೆಯ ಮೇಲೆ ಅಡ್ಡ ಮಲಗಿಸಿದ ಒಂದು ಹಳದಿ ಕೋಲು. ಮೀನಿರಲಿಲ್ಲ.

"ಅದು ಯಾವ ಕಾಲದ್ದು?" ಎಂದು ಗಾತಿಕಾ ಕೇಳಿದ. ಮುಂದಿನ ಎಡ ಹೆಗಲು ಅವನದು. ಬಂದರಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತು, ಆಮೇಲೆ ಹೆಣ ಹೊರಲು ಸೇರಿಕೊಂಡವನು.

"ಹಿಂದೆ ಬರ್ದಿದೆ. ಎಂಟು ವರ್ಷ ಆಯ್ತು."

"ಎಂಟು ವರ್ಷದ ಹಿಂದೆ ನನಗೂ ಹಲ್ಲಿತ್ತು ಯಜಮಾನ್ರೆ. ನಿನ್ನೆ ಯಾರೂ ಬಂದು ನೋಡ್ಲಿಲ್ವಾ?"

"ನೋಡೋ ಕೆಲಸ ದೊನ್ ರಮಿರೋದು," ಎಂದ ಫಾಬ್ರಿಸಿಯೊ. ಅಂದ ಮೇಲೆ ತಾನೇ ಪೆಟ್ಟಿಗೆಯ ಕಡೆ ನೋಡಿದ.

ಎಲ್ಲರೂ ನೋಡಿದರು. ಮುಂಚಿತವಾಗಿ ಬಂದು ನೋಡಬೇಕಾದ ಮನುಷ್ಯ ಒಳಗೆ ಮಲಗಿದ್ದ.

"ಸರಿ, ಅರ್ಧ ನಿಮಿಷ ಎತ್ತಿ ನಿಲ್ಸಿ ಆ ಕಡೆ ಹೊರಳಿಸಿಬಿಡೋಣ," ಎಂದ ಫಾಬ್ರಿಸಿಯೊ. "ಎಲ್ಲ ಕಡೆ ಮಾಡ್ತಾರೆ."

"ನಿಲ್ಲಿಸೋ ಹಾಗಿಲ್ಲ," ಎಂದಳು ಎಲ್ಸಿರಾ.

"ದೋನ್ಯಾ ಎಲ್ಸಿರಾ, ಒಳಗೆ ಪಟ್ಟಿ ಬಿಗಿದಿದೀವಿ, ಏನೂ..."

"ನಿಲ್ಲಿಸೋ ಹಾಗಿಲ್ಲ ಅಂದೆ."

ಸತ್ತವನ ತಂಗಿ ನೆಲ್ಲಿ ಹಿಂದಿನಿಂದ ಮುಂದೆ ಬಂದಳು. ಅವಳ ಕಪ್ಪು ಟೋಪಿ ಬಾಡಿಗೆಯದು. ಚೀಟಿ ಇನ್ನೂ ಒಳಗೇ ಇತ್ತು. "ಅತ್ತಿಗೆ, ಕೆಳಗೆ ಪಾದ್ರಿಗಳು ಕಾಯ್ತಿದಾರೆ, ಹನ್ನೊಂದಕ್ಕೆ ಅವರಿಗೆ ನಾಮಕರಣ ಇದೆ. ನಮ್ಮಣ್ಣ ಜೀವಮಾನ ಎಲ್ಲ ನಿಂತೇ ಇದ್ದ. ಇನ್ನರ್ಧ ನಿಮಿಷ ನಿಂತ್ರೆ ಅವನ ಮಂಡಿ ಏನು ಸವೆಯತ್ತಾ?"

"ನಿನ್ನ ಟೋಪಿ ಸರಿ ಮಾಡ್ಕೋ, ಚೀಟಿ ಕಾಣ್ತಿದೆ," ಎಂದಳು ಎಲ್ಸಿರಾ.

*

ಈ ಊರಿನ ಗುಡ್ಡಗಳ ಮೇಲೆ ಸಾಯುವುದು ಸುಲಭ, ಸತ್ತ ಮೇಲೆ ಇಳಿಯುವುದು ಕಷ್ಟ. ಗಾಡಿ ಕೆಳಗಿನ ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಯವರೆಗೆ ನೂರೋ ಇನ್ನೂರೋ ಮೆಟ್ಟಿಲು. ಅವನ್ನು ಕಟ್ಟಿದವರು ಒಬ್ಬರಿಗೊಬ್ಬರು ಮಾತು ಬಿಟ್ಟವರಿರಬೇಕು: ಒಂದು ಗೇಣೆತ್ತರ, ಇನ್ನೊಂದು ಮೊಣಕಾಲೆತ್ತರ, ನಡುವೆ ಯಾರದೋ ಅಡುಗೆಮನೆಯ ಬಾಗಿಲು, ಬಟ್ಟೆ ಒಣಹಾಕಿದ ಹಗ್ಗ, ಒಂದು ನಾಯಿ.

ರಮಿರೊ ಅಂಗಡಿಗೆ ಸೇರಿದಾಗ ಅವನಿಗೆ ಇಪ್ಪತ್ತೆರಡು. ಮೊದಲ ವಾರವೇ, ವಯಸ್ಸಾದ ಒಬ್ಬ ಟೀಚರಮ್ಮನನ್ನು ಇಳಿಸುವಾಗ, ತಿರುವು ಇಕ್ಕಟ್ಟೆಂದು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಒಳಗೆ ಟೀಚರಮ್ಮ ಜಾರಿದರು. ಮೊದಲು ಬಟ್ಟೆ ಉಜ್ಜಿದ ಸದ್ದು, ಆಮೇಲೆ ಹಿಮ್ಮಡಿ ಹಲಗೆಗೆ ಬಡಿದ ಸದ್ದು, ಯಾರೋ ಬಸ್ಸಿನಿಂದ ಧುಮುಕಿದ ಹಾಗೆ. ಕೆಳಗಿನ ಸಂದಿಯಿಂದ ಏನೋ ತೊಟ್ಟಿಕ್ಕಿ ರಮಿರೊನ ಬೂಟಿನ ಮೇಲೆ ಬಿತ್ತು. ಟೀಚರಮ್ಮನ ಮಗಳು ಎಲ್ಲವನ್ನೂ ಕೇಳಿಸಿಕೊಂಡು, ಏನೂ ಕೇಳಿಸದವಳ ಹಾಗೆ ಆಕಾಶ ನೋಡಿದಳು. ರಮಿರೊ ಗೋಡೆಯ ಪಕ್ಕಕ್ಕೆ ಹೋಗಿ ವಾಂತಿ ಮಾಡಿದ.

ಮಾರನೆಯ ದಿನ ಒಂದು ಬಿದಿರು ತಂದು, ಪೆಟ್ಟಿಗೆಯ ಉದ್ದಕ್ಕೆ, ಅಂದರೆ ಸರಿಯಾಗಿ ಎರಡು ಮೀಟರಿಗೆ ಕೊಯ್ದು, ಹಳದಿ ಬಣ್ಣ ಬಳಿದ. ಆಗಿನ ಯಜಮಾನರು, ಫಾಬ್ರಿಸಿಯೊನ ಅಪ್ಪ, ತಮ್ಮ ಹಳೆಯ ಕ್ಯಾಮೆರಾ ಕೊಟ್ಟರು. ಅಲ್ಲಿಂದ ನಲವತ್ತೊಂದು ವರ್ಷ ಅದೇ ಅವನ ಕೆಲಸ. ಗುಡ್ಡದ ಮೇಲೆ ಯಾರಾದರೂ ಕಣ್ಣು ಮುಚ್ಚಿದರೆ ಪಾದ್ರಿಗಿಂತ ಮೊದಲು ರಮಿರೊ ಹೋಗುತ್ತಿದ್ದ. ಪ್ರತಿ ತಿರುವಿನಲ್ಲೂ ಕೋಲನ್ನು ಮಲಗಿಸಿ ಒಂದು ಫೋಟೊ. ಕೋಲು ತಿರುಗಿದರೆ ಪೆಟ್ಟಿಗೆಯೂ ತಿರುಗುತ್ತದೆ. ಇಲ್ಲದಿದ್ದರೆ ಪಕ್ಕದ ಮನೆಯ ಹಿತ್ತಿಲು, ತಾರಸಿ, ಕೋಳಿಗೂಡು, ಎಲ್ಲಿಂದಾದರೂ ಇನ್ನೊಂದು ದಾರಿ ಹುಡುಕುತ್ತಿದ್ದ. ಫೋಟೊದ ಬೆನ್ನ ಮೇಲೆ ಬರೆಯುತ್ತಿದ್ದ: ಮೆಟ್ಟಿಲೆಷ್ಟು, ಹೆಗಲು ಬದಲಿಸುವುದೆಲ್ಲಿ, ಯಾವ ನಾಯಿ ಕಚ್ಚುತ್ತದೆ. ಹೊರುವವರಿಗೆ ಅವನದು ಒಂದೇ ಪಾಠ. ಇಳಿಯುವಾಗ ಮುಂದಿನವರು ಹೆಗಲ ಮೇಲೆ, ಹಿಂದಿನವರು ಕೈಯಲ್ಲಿ. ಪೆಟ್ಟಿಗೆ ಮೇಜಿನ ಹಾಗೆ ಸಮನಾಗಿರಬೇಕು. ಅವನು ನೋಡಿಬಂದ ಮೆಟ್ಟಿಲಿನಲ್ಲಿ ಯಾವ ಹೆಣವೂ ಎದ್ದು ನಿಲ್ಲಲಿಲ್ಲ.

ಎಲ್ಸಿರಾಳಿಗೆ ಈ ಕೆಲಸವೆಂದರೆ ಹೇಸಿಗೆ. ಅವನ ಕೋಟಿನಿಂದ ಬಾಡಿದ ಹೂವಿನ ವಾಸನೆ ಒಗೆದರೂ ಹೋಗುತ್ತಿರಲಿಲ್ಲ. ಅದಕ್ಕಿಂತ ಹೇಸಿಗೆ ರಜೆಯ ದಿನಗಳು. ಕೊಕಿಂಬೊದಲ್ಲಿ ಜನ ಸಮುದ್ರ ನೋಡಿದರೆ ಇವರು ಮೆಟ್ಟಿಲು ನೋಡಿದರು. ಲೋತಾದಲ್ಲಿ ಗಣಿ ಕೆಲಸದವರ ಕೇರಿಯ ಮೆಟ್ಟಿಲು, ಚಿಲೋಯೆ ದ್ವೀಪದಲ್ಲಿ ಮಳೆಗೆ ಪಾಚಿಗಟ್ಟಿದ ಮರದ ಮೆಟ್ಟಿಲು. ಆ ಕೋಲಿಗೆ ಬೈಯದ ಬಸ್ಸಿನವನಿಲ್ಲ. ಕೋಲಿನ ಇನ್ನೊಂದು ತುದಿ ಹಿಡಿಯುವುದು ಅವಳ ಪಾಲು.

"ಇಲ್ಲಿ ನಮಗ್ಯಾರು ಸತ್ತಿದಾರೆ?" ಎಂದು ಅವಳು ಚಿಲೋಯೆಯಲ್ಲಿ, ಪಾಚಿಯ ಮೇಲೆ ಜಾರಿ ಕೂತಲ್ಲೇ ಕೇಳಿದ್ದಳು.

"ಯಾರೂ ಇಲ್ಲ. ಇವರು ಹೇಗೆ ಇಳಿಸ್ತಾರೆ ಅಂತ ನೋಡ್ಬೇಡ್ವಾ?"

"ಮಾನವಂತರು ಹೆಂಡತಿ ಫೋಟೊ ತೆಗೀತಾರೆ."

"ತೆಗ್ದಿದೀನಲ್ಲ. ತೊಳೆಸಿದ ಮೇಲೆ ನೋಡು, ನಿನ್ನ ಕೈ ಬಂದಿರತ್ತೆ."

ಬಂದಿತ್ತು. ಊರೂರಿನ ಮೆಟ್ಟಿಲುಗಳ ಅಂಚಿನಲ್ಲಿ, ಕೋಲಿನ ತುದಿ ಹಿಡಿದ ಅವಳ ಒಂದು ಕೈ. ಆ ಸಂಜೆ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ ಅವನು, "ನನ್ನನ್ನ ಮಾತ್ರ ನಿಲ್ಲಿಸ್ಬೇಡ ಎಲ್ಸಿ. ನಿಂತಿದ್ದು ಸಾಕು," ಎಂದಿದ್ದ. "ಆಯ್ತು, ಮಲಗ್ಕೊಂಡೇ ಹೋಗು ಮಾರಾಯ," ಎಂದು ಅವಳು ಸೊಂಟ ತಿಕ್ಕಿಕೊಳ್ಳುತ್ತ ಮಾತು ಕೊಟ್ಟಿದ್ದಳು.

*

ಹೆಗಲುಗಳು ಸೋತಿದ್ದವು. ಪೆಟ್ಟಿಗೆಯನ್ನು ಮೀನಿನ ಬೆನ್ನ ಮೇಲೇ ಇಳಿಸಿದರು. ಕೆಳಗಿನ ಮೆಟ್ಟಿಲಿನಲ್ಲಿ ಒಂದು ಪ್ರವಾಸಿ ಜೋಡಿ ಮೀನಿನ ಮೇಲೆ ಕೂರುವ ತಮ್ಮ ಸರದಿಗೆ ವಿನಯದಿಂದ ಕಾಯುತ್ತ ನಿಂತಿತ್ತು.

ಫಾಬ್ರಿಸಿಯೊ ಎಲ್ಸಿರಾಳ ಹತ್ತಿರ ಬಂದ. ನಿಂಬೆಯ ಸೆಂಟಿನ ಘಾಟು ಅವನಿಗಿಂತ ಒಂದು ಹೆಜ್ಜೆ ಮೊದಲೇ ಬಂತು. "ನೋಡಿ ದೋನ್ಯಾ ಎಲ್ಸಿರಾ, ನನಗೂ ಬೇಜಾರಿದೆ. ದೊನ್ ರಮಿರೊ ಬರೀ ನಮ್ಮ ನೌಕರರಲ್ಲ, ಕಲಾವಿದರು. ಇಲ್ಲೇ ನೋಡಿ, ಈ ಗೋಡೆ ಆಚೆಗೇ ಅವರ ಪ್ರದರ್ಶನ ಇದೆ. ಅಂಥೋರನ್ನ ಬೀದಿ ಮಧ್ಯ ಹೀಗೆ ಕಾಯಿಸೋದು ಮರ್ಯಾದೆನಾ?"

ಎಲ್ಸಿರಾ ಕರವಸ್ತ್ರವನ್ನು ಮತ್ತೆ ಮೂಗಿಗೆ ಹಿಡಿದಳು. ವಾಸನೆ ಮೀನಿನದೋ ಇವನದೋ ತಿಳಿಯಲಿಲ್ಲ.

*

ಆ ಗೋಡೆಯ ಆಚೆಗಿನ ಮನೆ ಒಂದು ಕಾಲದಲ್ಲಿ ಬಟ್ಟೆ ಹೊಲಿಯುವ ಲಸ್ತೇನಿಯಾಳದು. ಈಗ ಅದು 'ಮೆಟ್ಟಿಲ ಮನೆ' ಎಂಬ ಹೋಟೆಲು. ತಿಂಡಿಗೆ ಒಂದು ಕೋಣೆ, ಮಲಗಲು ಆರು. ನಾಲ್ಕು ತಿಂಗಳ ಹಿಂದೆ ಫಾಬ್ರಿಸಿಯೊ ಅಂಗಡಿಯ ಅಟ್ಟ ಖಾಲಿ ಮಾಡುತ್ತ ರಮಿರೊನ ಫೋಟೊಗಳ ಡಬ್ಬಗಳನ್ನು ಈ ಹೋಟೆಲಿಗೆ ಕೊಟ್ಟ. ಅವರು ಕೆಲವನ್ನು ಆರಿಸಿ, ಬಾಗಿಲಿನಷ್ಟು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಿಂಡಿಯ ಕೋಣೆಯಲ್ಲಿ ತೂಗುಹಾಕಿದರು. 'ಹಳದಿ ಗೆರೆ' ಎಂದು ಹೆಸರು. ಕರಪತ್ರದಲ್ಲಿ, ಈ ಕಲಾವಿದ ಶೂನ್ಯವನ್ನು ಅಳೆಯುತ್ತಾನೆ ಎಂದು ಬರೆದಿತ್ತು. ಅಂಚಿನಲ್ಲಿ ಅವಳ ಕೈ ಬಂದಿದ್ದಲ್ಲೆಲ್ಲ ಕತ್ತರಿಸಿದ್ದರು.

ಎಲ್ಸಿರಾ ಕರಪತ್ರದಲ್ಲಿ ಆಲೂಗಡ್ಡೆ ಸಿಪ್ಪೆ ಸುತ್ತಿ ಎಸೆದಳು. ರಮಿರೊ ಏನೂ ಹೇಳಲಿಲ್ಲ. ಹೇಳಲಿಲ್ಲ ಎಂಬುದೇ ಅವಳಿಗೆ ಸೇರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಬ್ರೆಡ್ಡು ತರಲು ಇಳಿಯುವಾಗ ಹೋಟೆಲಿನ ಕಿಟಕಿಯಲ್ಲಿ ಅವನನ್ನು ಕಂಡಳು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಪ್ರವಾಸಿಗರ ನಡುವೆ ಕೂತಿದ್ದ, ಮುಂದೆ ಕಾಫಿ. ಹೋಟೆಲಿನ ಹುಡುಗಿ ಮಕರೇನಾ ಅವನ ಫೋಟೊ ತೆಗೆಯುತ್ತಿದ್ದಳು. ಅವನು ನಗುತ್ತಿದ್ದ, ಹಲ್ಲಿನ ಡಾಕ್ಟರ ಮುಂದೆ ನಕ್ಕ ಹಾಗೆ.

ಮನೆಗೆ ಬಂದವನನ್ನು ಅವಳು ಬಾಗಿಲಲ್ಲೇ ಕೇಳಿದಳು: "ಜನ ತಮ್ಮ ಹೆಣ ಇಳಿಸಿದ ದಾರೀನ ಮಾರ್ಕೊಂಡು ಕಾಫಿ ಕುಡೀತೀಯಾ? ಥೂ."

ಅಲ್ಲಿಗೆ ಮಾತು ಬಿಟ್ಟಳು. ಹನ್ನೊಂದು ದಿನ ಬಿಟ್ಟಳು. ಹನ್ನೊಂದನೆಯ ದಿನ ಅವನು ಸಕ್ಕರೆ ಡಬ್ಬದ ಕೆಳಗೆ ಒಂದು ಲಕೋಟೆ ಇಟ್ಟು, "ಬೇಕಾದಾಗ ತೆಗ್ದು ನೋಡು," ಎಂದ. ಅವಳು ನೋಡಲಿಲ್ಲ. ಹನ್ನೆರಡನೆಯ ಬೆಳಿಗ್ಗೆ ಅವನು ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, ಕುರ್ಚಿಯಲ್ಲೇ ಹೋಗಿದ್ದ.

ಲಕೋಟೆ ಈಗ ಅವಳ ಚೀಲದಲ್ಲಿತ್ತು. ಹೋಟೆಲಿನವರು ಕೊಟ್ಟ ದುಡ್ಡಿರಬೇಕು; ಅದನ್ನು ಪೆಟ್ಟಿಗೆಯ ಜೊತೆಗೇ ಮಣ್ಣಿಗೆ ಹಾಕಿಬಿಡುವುದೆಂದು ತಂದಿದ್ದಳು.

*

ಈಗ ಅದನ್ನು ತೆಗೆದು ಫಾಬ್ರಿಸಿಯೊನ ಎದೆಗೆ ಎಸೆದಳು. "ತಗೋ. ನಿಮ್ಮ ಕಲಾವಿದನ ಸಂಭಾವನೆ. ನಿನ್ನ ಅಪ್ಪ ಇದ್ದಿದ್ರೆ ನಿನ್ನ ಮುಖಕ್ಕೆ ಉಗೀತಿದ್ರು."

ಲಕೋಟೆ ಅವನ ಗುಂಡಿಗಳಿಗೆ ಬಡಿದು ಬಾಯಿಬಿಟ್ಟಿತು. ಮೆಟ್ಟಿಲಿನ ಮೇಲೆ ನಾಲ್ಕು ಫೋಟೊ ಬಿದ್ದವು. ಬೇರೇನೂ ಇರಲಿಲ್ಲ.

ಗಾತಿಕಾ ಬಗ್ಗಿ ಒಂದೊಂದಾಗಿ ಹೆಕ್ಕಿದ. ತೋಳು ಚಾಚಿ ದೂರದಿಂದ ನೋಡಿದ. ಮೊದಲನೆಯದು ಈ ತಿರುವೇ, ಮೀನಿನ ಸಮೇತ. ಕೋಲು ಮೀನಿನ ಬಾಯಿಗೂ ಗೋಡೆಗೂ ನಡುವೆ ಸಿಕ್ಕಿ ಬಿಲ್ಲಿನ ಹಾಗೆ ಬಾಗಿತ್ತು. ಎರಡನೆಯದು ಹೋಟೆಲಿನ ಮೇಲಿನ ಬಾಗಿಲು, ಅವರು ನಿಂತಲ್ಲಿಂದ ಏಳು ಮೆಟ್ಟಿಲು ಮೇಲೆ. ನಾಲ್ಕನೆಯದು ಅದೇ ಮನೆಯ ಇನ್ನೊಂದು ಬಾಗಿಲು, ತಿರುವು ಕಳೆದ ಮೇಲೆ ಕೆಳಗಿನ ಮೆಟ್ಟಿಲಿಗೆ ತೆರೆಯುವಂಥದು. ಮೂರನೆಯದು ನಡುವಿನ ತಿಂಡಿಯ ಕೋಣೆ. ಮೇಜುಗಳ ಮಧ್ಯೆ ಹಳದಿ ಕೋಲು ನೇರ ಮಲಗಿತ್ತು. ಅದರ ಒಂದು ತುದಿಯನ್ನು ಕುರ್ಚಿಯ ಕಾಲಿಗೆ ಆನಿಸಿದ್ದ. ಅಂಚಿನಲ್ಲಿ ಯಾರ ಕೈಯೂ ಇರಲಿಲ್ಲ.

"ಹಿಂದೆ ಬರ್ದಿದಾರೆ ಅಕ್ಕ," ಎಂದು ಗಾತಿಕಾ ಓದಿದ. "ಮೀನು ಬಂದ ಮೇಲೆ ಇಲ್ಲಿ ತಿರುಗುವುದಿಲ್ಲ. ಲಸ್ತೇನಿಯಾ ಮನೆಯ ಮೂಲಕ. ಅಗಲ: ಮೇಲಿನ ಬಾಗಿಲು ತೊಂಬತ್ತೊಂದು ಸೆಂಟಿಮೀಟರು, ಕೆಳಗಿನದು ಎಂಬತ್ತೆಂಟು. ಒಳಗೆ ಒಂಬತ್ತು ಮೆಟ್ಟಿಲು. ನಾಲ್ಕು ಮೇಜು ಸರಿಸಬೇಕು. ಕಾಫಿ ಕಹಿ, ಸುಮ್ಮನೆ ಕುಡಿಯಬೇಕು. ಇಲ್ಲದಿದ್ದರೆ ಅಳೆಯಲು ಬಿಡುವುದಿಲ್ಲ."

ಎಲ್ಸಿರಾ ಕೈ ಚಾಚಿ ಮೂರನೆಯ ಫೋಟೊ ಇಸಕೊಂಡಳು. ಆ ಕುರ್ಚಿಯ ಕಾಲನ್ನು ಬಹಳ ಹೊತ್ತು ನೋಡಿದಳು.

"ಎತ್ತಿ," ಎಂದಳು. "ಹಿಂದಕ್ಕೆ, ಏಳು ಮೆಟ್ಟಿಲು."

"ಪೆಟ್ಟಿಗೆ ಹಿಂದಕ್ಕೆ ಹತ್ತಿಸ್ಬಾರ್ದು ಅತ್ತಿಗೆ," ಎಂದಳು ನೆಲ್ಲಿ. "ಹತ್ತಿಸಿದ್ರೆ ಮನೇಲಿ ಇನ್ನೊಬ್ರನ್ನ ಕರ್ಕೊಂಡು ಹೋಗತ್ತೆ."

"ಟೋಪಿ ಇದ್ದೋರನ್ನೇ ಕರ್ಕೊಂಡು ಹೋಗ್ಲಿ," ಎಂದ ಗಾತಿಕಾ, ಹೆಗಲು ಕೊಡುತ್ತ.

ಬಾಗಿಲು ತೆರೆದ ಮಕರೇನಾ ಮೊದಲು ಹೂವು ನೋಡಿದಳು, ಆಮೇಲೆ ಪೆಟ್ಟಿಗೆ. ರಾಜಧಾನಿಯಿಂದ ಬಂದ, ಯಾರಿಗೂ ಇಲ್ಲ ಎನ್ನಲು ಕಲಿಯದ ಹುಡುಗಿ. "ಅಯ್ಯೋ, ದೊನ್ ರಮಿರೊನಾ? ನನಗೆ ತುಂಬ... ಆದ್ರೆ ಒಳಗೆ ತಿಂಡಿ ನಡೀತಿದೆ. ಹನ್ನೊಂದರ ತನಕ ಇರತ್ತೆ."

"ನಾವು ಕೂರಲ್ಲಮ್ಮ, ದಾಟಿ ಹೋಗ್ತೀವಿ," ಎಂದ ಗಾತಿಕಾ.

"ಗೆಸ್ಟ್‌ಗಳು ಏನಂದ್ಕೋತಾರೆ? ಊಟದ ಜಾಗ. ಸತ್ತವರನ್ನ..."

ಎಲ್ಸಿರಾ ಅವಳನ್ನು ಸರಿಸಿ ಒಳಗೆ ಕಾಲಿಟ್ಟಳು. ಮೊಟ್ಟೆ, ಸುಟ್ಟ ಬೆಣ್ಣೆ, ಸುವಾಸನೆಯ ಮೇಣದಬತ್ತಿ. ಗೋಡೆಯ ತುಂಬ ಹಳದಿ ಗೆರೆ.

"ಸತ್ತೋರು ಇಲ್ಲಿ ಹೊಸಬರಲ್ಲ," ಎಂದು ಒಂದೊಂದೇ ಫೋಟೊದ ಕಡೆ ಬೆರಳು ತೋರಿಸಿದಳು. "ಈ ಮೆಟ್ಟಿಲಲ್ಲಿ ಇಳಿದದ್ದು ಒಲೆಗಾರಿಯೊ, ಬೇಕರಿಯವನು. ನೂರಾ ಮೂವತ್ತು ಕಿಲೋ ಇದ್ದ. ಅದರಲ್ಲಿ ಅವಳಿ ಕೂಸುಗಳು, ಒಂದೇ ಪೆಟ್ಟಿಗೇಲಿ. ಆ ಕಿಟಕಿ ಪಕ್ಕದ್ದು ಲಸ್ತೇನಿಯಾ, ಈ ಮನೆಯೋಳೇ. ಕೋಲು ಇಟ್ಟಿರೋದು ಪೆಟ್ಟಿಗೆ ಅಳತೆಗೆ ಕಣಮ್ಮ. ಒಂದೊಂದು ಫೋಟೋಗೂ ಒಂದೊಂದು ಹೆಣ. ನೀವು ದಿನಾ ಅವರ ಕೆಳಗೆ ಕೂತು ಜಾಮ್ ನೆಕ್ತಾ ಇದೀರಿ."

ಭಾಷೆ ತಿಳಿದ ಒಬ್ಬ ಗೆಸ್ಟು ಮೊಟ್ಟೆಯ ತಟ್ಟೆಯನ್ನು ಮೆಲ್ಲನೆ ದೂರ ತಳ್ಳಿದ.

ಮಕರೇನಾಳ ಮುಖ ಹಿಟ್ಟಿನ ಹಾಗಾಯಿತು. "ನನಗೆ... ಅಮೂರ್ತ ಕಲೆ ಅಂದ್ರು."

"ಯಾರು ಅಂದ್ರು?"

ಅವಳು ಫಾಬ್ರಿಸಿಯೊನ ಕಡೆ ನೋಡಿದಳು. ಅವನು ತನ್ನ ಬೂಟಿನ ಹೊಳಪನ್ನು ಪರೀಕ್ಷಿಸುತ್ತಿದ್ದ. ಅವಳು ಬೇರೇನೂ ಕೇಳದೆ ಹೋಗಿ ಮೊದಲ ಮೇಜಿಗೆ ಕೈ ಹಾಕಿದಳು.

ನಾಲ್ಕು ಮೇಜು ಸರಿದವು. ಐದನೆಯದು ಸರಿಸಬೇಕಾಗಲಿಲ್ಲ. ಪೆಟ್ಟಿಗೆ ಒಳಗೆ ಬಂತು, ಮುಂದಿನವರ ಕೈಯಲ್ಲಿ, ಹಿಂದಿನವರ ಕೈಯಲ್ಲಿ, ನೆಲಕ್ಕೆ ಸಮನಾಗಿ. ಎದ್ದು ನಿಂತವರು ತಟ್ಟೆಗಳನ್ನು ಎದೆಗವಚಿಕೊಂಡು ಗೋಡೆಗೆ ಅಂಟಿದರು. ದೂರದ ಯಾವುದೋ ಚಳಿ ದೇಶದ ತೆಳ್ಳಗಿನ ಹೆಂಗಸೊಬ್ಬಳ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕಾಫಿ, ಹೆಗಲಿನಿಂದ ಜಾರುತ್ತಿದ್ದ ಚೀಲ. ಚೀಲ ಜಾರಿಯೇಬಿಟ್ಟಿತು. ಅದನ್ನು ಹಿಡಿಯುವ ಗಡಿಬಿಡಿಯಲ್ಲಿ ಅವಳು, ಎದುರಿಗೆ ಬಂದ ಮಟ್ಟಸವಾದ ಮರದ ಮೇಲೆ ಕಪ್ಪನ್ನು ಇಟ್ಟಳು. ಏನು ಮಾಡಿದೆನೆಂದು ಹೊಳೆಯುವಷ್ಟರಲ್ಲಿ ಪೆಟ್ಟಿಗೆ ಮುಂದೆ ಹೋಗಿತ್ತು.

"ದರಿದ್ರ," ಎಂದು ನೆಲ್ಲಿ ಉಸಿರೆಳೆದಳು. "ನಮ್ಮಣ್ಣನೇನು ಟೀಪಾಯಿನಾ?"

ಎಲ್ಸಿರಾ ಕಪ್ಪು ತೆಗೆಯಲು ಕೈ ಚಾಚಿದಳು. ಅಷ್ಟರಲ್ಲಿ ಒಳಗಿನ ಒಂಬತ್ತು ಮೆಟ್ಟಿಲು ಬಂದವು. ಮುಂದಿನವರು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು, ಹಿಂದಿನವರು ಕೈಯಲ್ಲೇ ಉಳಿಸಿಕೊಂಡರು. ಕಪ್ಪು ಕದಲಲಿಲ್ಲ. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇರ್ಲಿ," ಎಂದಳು. "ಗಾತಿಕಾ, ನಿಧಾನಕ್ಕೆ."

"ನನಗೆ ಕಾಣ್ಸಲ್ಲ ಅಕ್ಕ. ನೀವು ಹೇಳ್ತಾ ಬನ್ನಿ."

ಕೆಳಗಿನ ಬಾಗಿಲಿನ ಚೌಕಟ್ಟು ಎರಡೂ ಕಡೆ ಒಂದೊಂದು ಬೆರಳು ಬಿಟ್ಟು ದಾರಿ ಕೊಟ್ಟಿತು. ಹೊರಗೆ ಬಿಸಿಲು, ನಾಯಿಯ ಹೇಲು, ಸಮಿತಿಯವರು ಕಾಮನಬಿಲ್ಲಿನ ಬಣ್ಣ ಬಳಿಸಿ ಆರು ತಿಂಗಳಿಗೇ ಹಪ್ಪಳದ ಹಾಗೆ ಎದ್ದ ಮೆಟ್ಟಿಲುಗಳು. ಎಲ್ಸಿರಾ ಪೆಟ್ಟಿಗೆಯ ಪಕ್ಕದಲ್ಲೇ, ಗೋಡೆಗೆ ಹೆಗಲು ಉಜ್ಜಿಕೊಂಡು ಇಳಿದಳು. ಅವಳ ಕಣ್ಣು ಕಪ್ಪಿನ ಅಂಚಿನ ಮೇಲಿತ್ತು. "ಬಲಕ್ಕೆ ಸ್ವಲ್ಪ ಎತ್ತಿ. ಸಾಕು. ಮುಂದಿಂದು ಎತ್ತರದ ಮೆಟ್ಟಿಲು. ಹಿಂದಿನೋರು ಬಗ್ಗಿ. ಸಾಕು." ಅರವತ್ತೆರಡು ಮೆಟ್ಟಿಲು ಹೀಗೇ. ಹೊರುವವರ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಯಾರೂ ಒರೆಸಿಕೊಳ್ಳಲಿಲ್ಲ.

ಗಾಡಿಯ ಬಾಗಿಲು ತೆರೆದಿತ್ತು. ಪಾದ್ರಿಗಳು ಗಡಿಯಾರ ನೋಡಿದರು, ಕಪ್ಪು ನೋಡಿದರು, ಮತ್ತೆ ಗಡಿಯಾರ ನೋಡಿದರು. ಮಕರೇನಾ ಮೆಟ್ಟಿಲಿಳಿದು ಏದುಸಿರು ಬಿಡುತ್ತ ಬಂದು, "ಆ ಕಪ್ಪು ನಮ್ದು," ಎಂದು ಹೇಳಹೊರಟು, ಹೇಳದೆ ನಿಂತಳು.

ಪೆಟ್ಟಿಗೆಯನ್ನು ಗಾಡಿಯ ಅಂಚಿಗೆ ತಂದರು. ಆರು ಜನರೂ ಹಿಡಿದ ಕೈ ಬಿಡದೆ ಕತ್ತು ಮಾತ್ರ ಎತ್ತಿ ನೋಡಿದರು.

ಎಲ್ಸಿರಾ ಎರಡೂ ಕೈಯಲ್ಲಿ ಕಪ್ಪು ಎತ್ತಿದಳು. ಕಾಫಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು, ಒಂದು ಹನಿಯೂ ತುಳುಕಿರಲಿಲ್ಲ. ಕೆಳಗೆ, ಮುಚ್ಚಳದ ಮೆರುಗಿನ ಮೇಲೆ, ಕಪ್ಪಿನ ತಳದಷ್ಟಗಲ ಒಂದು ಉಂಗುರದ ಕಲೆಯೂ ಇರಲಿಲ್ಲ.